ದೀಪ ಹೊತ್ತಿಕೊಂಡೇ ಇರಬೇಕು

ಬೆಳಗಿನ ಐದು ಗಂಟೆ ಹತ್ತು ನಿಮಿಷ. ಕಿವಿ ಕೇಳದ ಮಕ್ಕಳ ಶಾಲೆಯ ಹಾಸ್ಟೆಲು, ಮೊದಲ ಮಹಡಿ. ಕಾರಿಡಾರಿನ ತುದಿಯಲ್ಲಿ ನಲವತ್ತೆಂಟು ವರ್ಷದ ಹೆಂಗಸೊಬ್ಬರು ಗೋಡೆಗೆ ಮುಖ ಮಾಡಿ ನೆಲದ ಮೇಲೆ ಕೂತಿದ್ದಾರೆ. ಗೋಡೆಯಲ್ಲಿರುವ ತಗಡಿನ ಪೆಟ್ಟಿಗೆಯ ಬಾಗಿಲು ತೆರೆದಿದೆ. ಒಳಗೆ ಅಂಗೈ ಅಗಲದ ಒಂದು ಕಂಪ್ಯೂಟರ್. ಅದರ ಅಂಚಿಗೆ ಎರಡು ಸಾಲಿನಲ್ಲಿ ನಲವತ್ತು ಪಿನ್ನು. ಅಲ್ಲಿಂದ ಹೊರಟ ವೈರುಗಳು ಎಂಟು ಕೋಣೆಗಳಿಗೆ ಹೋಗಿವೆ. ಹೆಂಗಸಿನ ತೊಡೆಯ ಮೇಲೆ ಹಳೆಯ ಲ್ಯಾಪ್‌ಟಾಪು, ಹಲ್ಲಿನ ನಡುವೆ ಸಣ್ಣ ಟಾರ್ಚು. ನಾನು ಪಿಸುಮಾತಿನಲ್ಲಿ ನಮಸ್ಕಾರ ಹೇಳುತ್ತೇನೆ. ಅವರು ಟಾರ್ಚು ತೆಗೆದು ನಗುತ್ತಾರೆ.

"ಜೋರಾಗೇ ಮಾತಾಡಿ ಸಾರ್. ಇಲ್ಲಿ ಯಾರಿಗೂ ಎಚ್ಚರ ಆಗಲ್ಲ. ಅದೇ ಅಲ್ವಾ ನನ್ನ ತಲೆನೋವು."

ಕೆಲಸ ಮಾಡುವ ಕಡೆಯೆಲ್ಲ ಇವರನ್ನು ಕರೆಯುವುದು ಪಿನ್ನಕ್ಕ ಎಂದೇ. ಹೆತ್ತವರು ಇಟ್ಟ ಹೆಸರನ್ನು ಕೇಳಿದರೆ, "ಅದು ಬ್ಯಾಂಕಿನವರಿಗೆ ಮಾತ್ರ ಗೊತ್ತು ಬಿಡಿ" ಅನ್ನುತ್ತಾರೆ. ನಾನೂ ಪಿನ್ನಕ್ಕ ಎಂದೇ ಬರೆಯುತ್ತೇನೆ.

ಈ ಹಾಸ್ಟೆಲಿನಲ್ಲಿ ನಲವತ್ತಾರು ಮಕ್ಕಳಿದ್ದಾರೆ. ಗಂಟೆ ಬಾರಿಸಿದರೆ ಕೇಳಿಸಿಕೊಳ್ಳುವವರು ಯಾರೂ ಇಲ್ಲ. ಹಾಗಾಗಿ ಪ್ರತಿ ಕೋಣೆಗೂ ಎರಡು ದೀಪ. ಬಿಳಿ ದೀಪ ಏಳುವುದಕ್ಕೆ, ಕೆಂಪು ದೀಪ ಬೆಂಕಿ ಬಿದ್ದರೆ ಓಡುವುದಕ್ಕೆ. ದೀಪ ಹೊತ್ತಿದಾಗ ಪ್ರತಿ ದಿಂಬಿನ ಕೆಳಗೆ ಒಂದು ಬಿಲ್ಲೆ ನಡುಗುತ್ತದೆ. ಎಲ್ಲಕ್ಕೂ ಅಪ್ಪಣೆ ಕೊಡುವುದು ಗೋಡೆಯ ಆ ಪುಟ್ಟ ಕಂಪ್ಯೂಟರ್, ಪಿನ್ನಕ್ಕನ ಬಾಯಲ್ಲಿ ಬೋರ್ಡು. ಏಳು ವರ್ಷ ಚಾಕರಿ ಮಾಡಿದ ಹಳೆಯ ಬೋರ್ಡು ಹೋದ ತಿಂಗಳು ಗೋಡೆಯ ತೇವಕ್ಕೆ ಕೆಟ್ಟು ಕೂತಿತು. ಅದೇ ಮಾದರಿಯದು ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ಹೊಸ ಮಾದರಿ ಸಿಗುತ್ತದೆ. ಅದೇ ಅಳತೆ, ಅವೇ ನಲವತ್ತು ಪಿನ್ನು, ವೇಗ ಮಾತ್ರ ಎಷ್ಟೋ ಪಟ್ಟು. ಹಳೆಯ ಮೆಮೊರಿ ಕಾರ್ಡನ್ನು ಹೊಸದಕ್ಕೆ ಹಾಕಿದರೆ ಮುಗಿಯಿತು ಎಂದೇ ಎಲ್ಲರೂ ಅಂದುಕೊಂಡಿದ್ದರು.

ಮುಗಿಯಲಿಲ್ಲ. ಪಿನ್ನುಗಳಿಗೆ ಕರೆಂಟು ಕೊಡು, ನಿಲ್ಲಿಸು ಎಂದು ಹೇಳಲು ಯಾರೋ ಮೊದಲೇ ಬರೆದಿಟ್ಟ ಸಿದ್ಧ ಪ್ರೋಗ್ರಾಂಗಳ ಕಟ್ಟು ಒಂದಿರುತ್ತದೆ. ಈ ಕಸುಬಿನವರು ಅದನ್ನು ಲೈಬ್ರರಿ ಅನ್ನುತ್ತಾರೆ. ಹಳೆಯ ಲೈಬ್ರರಿ ಹೊಸ ಬೋರ್ಡಿನ ಮೇಲೆ ಬಾಯಿಯನ್ನೇ ಬಿಡಲಿಲ್ಲ. ಕಂಪ್ಯೂಟರ್ ಅಂದರೆ ವರದಿ ಟೈಪ್ ಮಾಡುವ ಪೆಟ್ಟಿಗೆ ಎಂದಷ್ಟೇ ತಿಳಿದಿರುವ ನನಗೆ ಪಿನ್ನಕ್ಕ ತಾಳ್ಮೆಯಿಂದ ಬಿಡಿಸಿ ಹೇಳುತ್ತಾರೆ.

"ಹಳೇ ಬೋರ್ಡಲ್ಲಿ ಪಿನ್ನೆಲ್ಲಾ ದೊಡ್ಡ ಚಿಪ್ಪಿನ ಕೈಯಲ್ಲೇ ಇದ್ದವು. ಹೊಸದರಲ್ಲಿ ಪಿನ್ ನೋಡ್ಕೊಳ್ಳೋಕೆ ಬೇರೆ ಚಿಪ್ ಇಟ್ಟಿದ್ದಾರೆ. ಹಳೇ ಲೈಬ್ರರಿ ಇನ್ನೂ ಹಳೇ ಮನೆ ಬಾಗಿಲೇ ತಟ್ಟುತ್ತೆ. ಅವರು ಮನೆ ಬದಲಾಯಿಸಿ ಆಗ್ಲೇ ಎಷ್ಟು ದಿನ ಆಯ್ತು."

ಇಂಥ ಇಪ್ಪತ್ತಮೂರು ಪೆಟ್ಟಿಗೆಗಳು ಪಿನ್ನಕ್ಕನ ಕೈಕೆಳಗಿವೆ. ಸಸಿ ಬೆಳೆಸುವ ತೋಟದ ನೀರಿನ ವಾಲ್ವುಗಳು, ಮಗ್ಗದ ಶೆಡ್ಡಿನಲ್ಲಿ ನೂಲು ಹರಿದರೆ ಹೊತ್ತುವ ದೀಪ, ಈಜುಕೊಳದ ಪಂಪು. ಎಲ್ಲದಕ್ಕೂ ಪ್ರೋಗ್ರಾಂ ಬರೆದವರು ಬೇರೆ ಬೇರೆ ಜನ. ಅವರೆಲ್ಲ ಈಗ ಎಲ್ಲಿದ್ದಾರೋ ಯಾರಿಗೂ ಗೊತ್ತಿಲ್ಲ. ಇಲ್ಲಿಯವರೆಗೆ ಒಂಬತ್ತನ್ನು ಹೊಸ ಬೋರ್ಡಿಗೆ ದಾಟಿಸಿದ್ದಾರೆ. ಒಂದೊಂದಕ್ಕೂ ನಾಲ್ಕೈದು ದಿನ. ಕೆಲವು ದಿನ ಇಡೀ ಹಗಲು ಕೂತರೂ ಸರಿಯಾಗುವುದು ಒಂದೇ ಸಾಲು. ಸೋದರಮಾವನ ರೇಡಿಯೊ ರಿಪೇರಿ ಅಂಗಡಿಯಲ್ಲಿ ಬೆಸುಗೆ ಹಾಕುತ್ತ ಕಲಿತವರು ಇವರು. ಪರದೆಯ ಮೇಲೆ ಬರುವ ತಪ್ಪಿನ ಸಂದೇಶಗಳನ್ನು ನೋಟ್‌ಬುಕ್ಕಿನಲ್ಲಿ ಅಕ್ಷರ ಬಿಡದೆ ನಕಲು ಮಾಡಿಕೊಂಡು, ಪಕ್ಕದಲ್ಲಿ ತಾವು ಕಂಡುಕೊಂಡ ಅರ್ಥ ಬರೆದಿಡುತ್ತಾರೆ. ಈಗ ಅಂಥ ಹನ್ನೊಂದು ನೋಟ್‌ಬುಕ್ಕು ಆಗಿವೆ.

ಮನೆಯಲ್ಲಿ ಇರುವುದು ಇವರು ಮತ್ತು ಬಟ್ಟೆ ಹೊಲಿಯುವ ಅಕ್ಕ. ಹಿಂದಿನ ದಿನ ಅಲ್ಲಿಗೆ ಹೋದಾಗ ಅಕ್ಕ ಹೊಲಿಗೆ ಯಂತ್ರ ನಿಲ್ಲಿಸಿ ನನ್ನ ಮುಂದೆ ದೂರಿನ ಗಂಟು ಬಿಚ್ಚಿದ್ದರು. "ಊಟಕ್ಕೆ ಕೂತ್ಕೊಂಡು ಅನ್ನದ ಮೇಲೆ ಬೆರಳಲ್ಲಿ ಚುಕ್ಕೆ ಇಡ್ತಾಳಪ್ಪ. ಏನೇ ಅದು ಅಂದ್ರೆ, ಪಿನ್ ನಂಬರ್ ಅಂತಾಳೆ. ಕತ್ತು ನೋವು ಅಂತಾಳೆ, ಡಾಕ್ಟರ ಹತ್ರ ಹೋಗು ಅಂದ್ರೆ ಬೋರ್ಡ್ ಹತ್ರ ಹೋಗ್ತಾಳೆ."

ಈ ಹಾಸ್ಟೆಲಿನ ಕೆಲಸವೂ ಹಿಂದಿನವುಗಳ ಹಾಗೇ ಮುಗಿಯಬೇಕಿತ್ತು. ಪಿನ್ನಕ್ಕ ಹೊಸ ಲೈಬ್ರರಿ ಹಾಕಿ ಪ್ರೋಗ್ರಾಂ ತಿದ್ದಿದರು. ಮನೆಯ ಮೇಜಿನ ಮೇಲೆ ಒಂದು ಬಲ್ಬು ಕಟ್ಟಿ ನೋಡಿದರು. ಹೊತ್ತಿಕೊಂಡಿತು. ತಂದು ಗೋಡೆಗೆ ಕೂರಿಸಿದರು. ಮಾರನೇ ಬೆಳಿಗ್ಗೆ ಐದೂವರೆಗೆ ಎಂಟು ಕೋಣೆಗಳ ಬಿಳಿ ದೀಪ ಒಮ್ಮೆ ಕಣ್ಣು ಮಿಟುಕಿಸಿ ಆರಿಹೋಯಿತು. ಮಕ್ಕಳು ಏಳೂವರೆವರೆಗೆ ಗಡದ್ದಾಗಿ ನಿದ್ದೆ ಮಾಡಿದರು. ಅಡುಗೆಯವರು ತಿಂಡಿ ಮಾಡಿಟ್ಟುಕೊಂಡು ದಾರಿ ಕಾದರು. ಶಾಲೆಯಲ್ಲಿ ಎಲ್ಲರೂ ನಕ್ಕರು. ಪಿನ್ನಕ್ಕ ಮಾತ್ರ ನೇರವಾಗಿ ಪೆಟ್ಟಿಗೆಯ ಹತ್ತಿರ ಹೋದರು.

"ತಪ್ಪು ನಂದೇ ಸಾರ್. ಮನೇಲಿ ನೋಡುವಾಗ ಪ್ರೋಗ್ರಾಂ ತೆರೆದಿಟ್ಕೊಂಡೇ ಕೂತಿದ್ದೆ. ಇಲ್ಲಿ ಅದು ದೀಪ ಹಚ್ಚು ಅಂತ ಹೇಳಿ ಮುಗಿದು ಹೋಗುತ್ತೆ. ಹಳೇ ಲೈಬ್ರರಿ ಹಚ್ಚಿದ್ದನ್ನ ಹಚ್ಚಿದ ಹಾಗೇ ಬಿಟ್ಟು ಹೋಗ್ತಿತ್ತು. ಹೊಸದು ಹೋಗುವಾಗ ಪಿನ್ ಕೈ ಬಿಡುತ್ತೆ. ದೀಪ ಆರುತ್ತೆ. ಬಿಳಿ ದೀಪ ಆರಿದ್ರೆ ತಿಂಡಿ ಆರುತ್ತೆ, ಅಷ್ಟೇ. ಕೆಂಪು ದೀಪಾನೂ ಅದೇ ಪ್ರೋಗ್ರಾಂ ಅಲ್ವಾ?"

ಅಂದು ಮಧ್ಯಾಹ್ನವೇ ಮುಖ್ಯೋಪಾಧ್ಯಾಯಿನಿ ಅಷ್ಟೂ ಮಕ್ಕಳನ್ನು ಕೆಳಗಿನ ಊಟದ ಹಾಲಿಗೆ ಇಳಿಸಿದರು. ಬೆಂಚು ಸರಿಸಿ, ಸಾಲಾಗಿ ಹಾಸಿಗೆ ಹಾಕಿ, ಬಾಗಿಲಿಗೆ ಅಡ್ಡಲಾಗಿ ವಾರ್ಡನ್ ಮಲಗಬೇಕೆಂದು ತೀರ್ಮಾನವಾಯಿತು. ಮಲಗುವುದೆಂದರೆ ಹೆಸರಿಗೆ ಮಾತ್ರ. "ಒಂಬತ್ತು ದಿನ ಆಯ್ತು, ಕಣ್ಣಿಗೆ ಕಣ್ಣು ಹತ್ತಿಲ್ಲ" ಎನ್ನುತ್ತಾರೆ ವಾರ್ಡನ್. ಅವರ ಕಣ್ಣುಗಳೇ ಸಾಕ್ಷಿ ಹೇಳುತ್ತಿವೆ.

ಪಿನ್ನಕ್ಕ ಮೂರೇ ದಿನಕ್ಕೆ ದೋಷ ಸರಿಪಡಿಸಿದ್ದರು. ಪ್ರೋಗ್ರಾಂ ಈಗ ಮುಗಿಯುವುದೇ ಇಲ್ಲ. ಹಗಲೂ ರಾತ್ರಿ ಪಿನ್ನು ಹಿಡಿದು ಕೂತಿರುತ್ತದೆ. ಬಿಳಿ ದೀಪ ಹೊತ್ತಿತು, ಉಳಿಯಿತು. ಕೆಂಪು ದೀಪವೂ. ಇನ್ನೇನು, ಸುರಕ್ಷಿತ ಎಂದು ಸಹಿ ಹಾಕಿ, ಮಕ್ಕಳನ್ನು ಮೇಲೆ ಕಳಿಸೋಣ ಎಂದರು ಮುಖ್ಯೋಪಾಧ್ಯಾಯಿನಿ. ಪಿನ್ನಕ್ಕ ಸಹಿ ಹಾಕಲಿಲ್ಲ. ಆ ಪ್ರೋಗ್ರಾಮೇ ನಡುವೆ ನಿಂತುಹೋದರೆ? ಬೋರ್ಡೇ ಸುಟ್ಟುಹೋದರೆ? ಆಗ ಕೆಂಪು ದೀಪ ಹಚ್ಚುವವರು ಯಾರು? ಆರು ದಿನ ಹಿಡಿದು ಎಂಟೂ ಕೋಣೆಗಳ ವೈರಿಂಗನ್ನು ತಲೆಕೆಳಗು ಮಾಡಿದರು. ಈಗ ಕಂಪ್ಯೂಟರಿನ ಕೆಲಸ ಕೆಂಪು ದೀಪ ಹಚ್ಚುವುದಲ್ಲ, ಆರಿಸಿಟ್ಟುಕೊಳ್ಳುವುದು. ಹೊಗೆ ಕಂಡರೆ ಅದು ಕೈಬಿಡುತ್ತದೆ, ದೀಪ ಹೊತ್ತುತ್ತದೆ. ಕಂಪ್ಯೂಟರ್ ಸತ್ತರೂ ಕೈಬಿಡುತ್ತದೆ, ದೀಪ ಹೊತ್ತುತ್ತದೆ. ದೀಪಕ್ಕೆ ಬೇರೆ ಬ್ಯಾಟರಿ ಇದೆ. ಹೋಗುವಾಗ ಪಿನ್ನು ಕೈಬಿಟ್ಟು ಕಾಟ ಕೊಟ್ಟ ಲೈಬ್ರರಿಯ ಸ್ವಭಾವವನ್ನೇ ಇವರು ದುಡಿಸಿಕೊಂಡಿದ್ದಾರೆ.

ಮುಖ್ಯೋಪಾಧ್ಯಾಯಿನಿಗೆ ಸಮಾಧಾನವಿರಲಿಲ್ಲ. ಕಂಪ್ಯೂಟರ್ ಕೆಟ್ಟಾಗಲೆಲ್ಲ ಮಕ್ಕಳು ಚಳಿಯಲ್ಲಿ ಅಂಗಳಕ್ಕೆ ಓಡಬೇಕೇ ಎಂಬುದು ಅವರ ಪ್ರಶ್ನೆ. ತಪ್ಪಲ್ಲ. ಅದಕ್ಕೆ ತಾವು ಕೊಟ್ಟ ಉತ್ತರವನ್ನು ಪಿನ್ನಕ್ಕ ನನಗೂ ಒಪ್ಪಿಸುತ್ತಾರೆ, ದನಿ ಏರಿಸದೆ.

"ಸುಮ್‌ಸುಮ್ನೆ ಎಬ್ಬಿಸಿದ್ರೆ ಎಲ್ಲರೂ ನನ್ನ ಬೈತಾರೆ. ಬೈಯಲಿ. ಎಬ್ಬಿಸದೇ ಇದ್ರೆ ಬೈಯೋಕೆ ಯಾರೂ ಇರಲ್ಲ."

ಆ ಮಾತಿನ ನಂತರ ಮುಖ್ಯೋಪಾಧ್ಯಾಯಿನಿ ಒಂದು ಪರೀಕ್ಷೆಗೆ ಒಪ್ಪಿದರು. ನಿನ್ನೆ ಮಕ್ಕಳು ಮತ್ತೆ ಮೇಲಿನ ಕೋಣೆಗಳಲ್ಲೇ ಮಲಗಿದರು. ವಾರ್ಡನ್ ಮತ್ತು ಇಬ್ಬರು ಟೀಚರು ಕಾರಿಡಾರಿನಲ್ಲಿ ಕುರ್ಚಿ ಹಾಕಿಕೊಂಡು ಕಾವಲಿದ್ದರು. ಇವತ್ತು ಪರೀಕ್ಷೆ ಇದೆಯೆಂದು ಮಕ್ಕಳಿಗೆ ಹೇಳಿಲ್ಲ. ಇದು ಸರಿಹೋದರೆ ಸಹಿ. ಇಲ್ಲದಿದ್ದರೆ ಇವತ್ತಿನಿಂದ ಮತ್ತೆ ಊಟದ ಹಾಲು.

ಐದು ಇಪ್ಪತ್ತು. ಮುಖ್ಯೋಪಾಧ್ಯಾಯಿನಿ, ವಾರ್ಡನ್ ಮತ್ತು ಟೀಚರುಗಳು ಅಂಗಳದ ಮೆಟ್ಟಿಲ ಮೇಲೆ ನಿಂತಿದ್ದಾರೆ. ಪಿನ್ನಕ್ಕ ಗೋಡೆಯ ಕಡೆ ತಿರುಗಿ, ಸೆರಗಿಗೆ ಕೈ ಒರೆಸಿಕೊಂಡು, ಬೋರ್ಡನ್ನೇ ಪೆಟ್ಟಿಗೆಯಿಂದ ಕಿತ್ತು ಕೈಗೆ ತೆಗೆದುಕೊಳ್ಳುತ್ತಾರೆ. ಅದೇ ಕ್ಷಣ ಎಂಟು ಬಾಗಿಲುಗಳಿಂದ ಕೆಂಪು ಬೆಳಕು ಕಾರಿಡಾರಿಗೆ ಬೀಳುತ್ತದೆ. ದಿಂಬಿನ ಬಿಲ್ಲೆಗಳ ಗುರ್ ಸದ್ದು ನಮ್ಮ ಕಿವಿಗೆ ಮಾತ್ರ ಕೇಳಿಸುತ್ತದೆ. ಒಂದು ಬಾಗಿಲಿನಿಂದ ಇಬ್ಬರು, ಇನ್ನೊಂದರಿಂದ ಐವರು, ಆಮೇಲೆ ಲೆಕ್ಕ ಸಿಗದಷ್ಟು. ಬರಿಗಾಲಿನಲ್ಲಿ, ಒಬ್ಬರ ತೋಳು ಒಬ್ಬರು ಹಿಡಿದುಕೊಂಡು ಮೆಟ್ಟಿಲು ಇಳಿಯುತ್ತಾರೆ. ಪಿನ್ನಕ್ಕ ತಿರುಗಿ ನೋಡುವುದಿಲ್ಲ. ಪೆಟ್ಟಿಗೆಯೊಳಗೆ ದೀಪದ ಕರೆಂಟನ್ನು ತಡೆದು ಬಿಡುವ ರಿಲೇ ಎಂಬ ಸ್ವಿಚ್ಚುಗಳು ಕದಲುತ್ತವೆಯೇ ಎಂದು ಟಾರ್ಚಿನ ಬೆಳಕು ಬಿಟ್ಟು ಅವನ್ನೇ ನೋಡುತ್ತಿದ್ದಾರೆ.

ಕೆಳಗಿನಿಂದ ವಾರ್ಡನ್ ಧ್ವನಿ ಬರುತ್ತದೆ. "ನಲವತ್ತೈದು." ಮತ್ತೊಮ್ಮೆ ಎಣಿಸಿದ ಮೇಲೆ, ಈ ಸಲ ಇನ್ನೂ ಜೋರಾಗಿ: "ನಲವತ್ತೈದೇ."

ಪಿನ್ನಕ್ಕ ಟಾರ್ಚನ್ನು ವೈರುಗಳ ಕಡೆ ತಿರುಗಿಸುತ್ತಾರೆ. ಯಾವ ಕೋಣೆಯ ವೈರು, ಯಾವ ದಿಂಬು ಎಂದು ತುಟಿಯಲ್ಲೇ ಎಣಿಸುತ್ತಾರೆ. ನಾನು ಕೋಣೆಗಳ ಕಡೆ ಓಡಲು ತಿರುಗುತ್ತೇನೆ. ಮೆಟ್ಟಿಲ ಕಡೆಯಿಂದ ಏಳೆಂಟು ವರ್ಷದ ಹುಡುಗಿಯೊಬ್ಬಳು, ಒಂದು ಜಡೆ ಬಿಚ್ಚಿಹೋದವಳು, ವಾಪಸು ಓಡಿಬರುತ್ತಿದ್ದಾಳೆ. ನನ್ನನ್ನು ದಾಟಿ ನೇರವಾಗಿ ಹೋಗಿ ಪಿನ್ನಕ್ಕನ ಭುಜವನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಾಡಿಸುತ್ತಾಳೆ. ಕೆಂಪು ದೀಪದ ಕಡೆ ಬೆರಳು ತೋರಿಸಿ, ಸೆರಗು ಹಿಡಿದು ಎಳೆಯುತ್ತಾಳೆ. ಬೆನ್ನು ಹಾಕಿ ಕೂತವರಿಗೆ ದೀಪ ಕಾಣುವುದಿಲ್ಲ, ಅಂಥವರನ್ನು ಅಲುಗಾಡಿಸಿ ಕರೆತರಬೇಕು ಎಂದು ಇಲ್ಲಿನ ಮಕ್ಕಳಿಗೆ ಮೊದಲ ವಾರವೇ ಕಲಿಸುತ್ತಾರಂತೆ. ಇದು ನನಗೆ ಆಮೇಲೆ ತಿಳಿದದ್ದು.

ಪಿನ್ನಕ್ಕ ಬೋರ್ಡನ್ನು ನನ್ನ ಕೈಗಿಟ್ಟು ಎದ್ದು ನಿಲ್ಲುತ್ತಾರೆ. ಪರೀಕ್ಷೆ, ಹೆದರಬೇಡ ಎಂದು ಹೇಳಲು ಅವರಿಗೆ ಸನ್ನೆ ಬಾರದು. ಹುಡುಗಿ ಎಳೆದ ಕಡೆ ಸುಮ್ಮನೆ ಓಡುತ್ತಾರೆ, ಕತ್ತು ಹಿಡಿದುಕೊಂಡು, ಒಂದು ಕಾಲಿಗೆ ಮಾತ್ರ ಚಪ್ಪಲಿ.

ಅಂಗಳದಲ್ಲಿ ವಾರ್ಡನ್ ನಲವತ್ತಾರು ಎಣಿಸಿ ಮೆಟ್ಟಿಲ ಮೇಲೆ ಕೂರುತ್ತಾರೆ. ಮುಖ್ಯೋಪಾಧ್ಯಾಯಿನಿ ಸಹಿಯ ಕಾಗದ ಮುಂದೆ ಹಿಡಿಯುತ್ತಾರೆ. ಪಿನ್ನಕ್ಕ ಎಡಗೈ ಬಿಡಿಸಿಕೊಳ್ಳದೆ ಬಲಗೈಯಲ್ಲಿ ಸಹಿ ಹಾಕುತ್ತಾರೆ, ಯಾಕೆಂದರೆ ಹುಡುಗಿ ಇನ್ನೂ ಬಿಟ್ಟಿಲ್ಲ. ಇನ್ನು ಹದಿಮೂರು ಪೆಟ್ಟಿಗೆ ಬಾಕಿ ಇವೆಯಲ್ಲ, ಮುಂದಿನದು ಯಾವುದು ಎಂದು ಕೇಳುತ್ತೇನೆ.

"ಲೆಕ್ಕದಲ್ಲಿ ನಲವತ್ತೇಳು ಅಂತ ಬರ್ಕೊಳ್ಳಿ ಸಾರ್," ಅನ್ನುತ್ತಾರೆ. "ಇವಳು ನನ್ನನ್ನೂ ಇಳಿಸಿದ್ದಾಳೆ."