ಅತಿ ಬಿಳಿಯಾಗಿದ್ದ ಬಟ್ಟೆ

ಹಳೆಯ ಟರ್ಬೊ ಕಾರುಗಳನ್ನು ಕೊಳ್ಳುವವರು ಬಹಳ, ಸಾಕುವವರು ಕಡಿಮೆ. ಸಾಕುವವರಲ್ಲೂ ಹೆಚ್ಚಿನವರು ಬಣ್ಣ, ಚಕ್ರ, ಸದ್ದು ಇಷ್ಟನ್ನೇ ನೋಡುತ್ತಾರೆ. ಅದು ಎಂಥ ಗಾಳಿ ಉಸಿರಾಡುತ್ತಿದೆ ಎಂದು ಕೇಳುವವರಿಲ್ಲ. ಹಾಗೆ ಕೇಳಿದವರು, ಕೇಳುವುದನ್ನು ನಮಗೂ ಕಲಿಸಿದವರು, ಮೂವತ್ತೆಂಟು ವರ್ಷ ನಮ್ಮ ವರ್ಕ್‌ಶಾಪಿನಲ್ಲಿ ದುಡಿದು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ಫೋರ್‌ಮನ್, ನಮ್ಮೆಲ್ಲರ ಉಸಿರು ಮೇಷ್ಟ್ರು. ತಯಾರಿಸಿದವರೇ ಬಿಡಿಭಾಗ ನಿಲ್ಲಿಸಿ ಕೈತೊಳೆದುಕೊಂಡ ಕಾರುಗಳಿಗೆ ಸಾಮಾನ್ಯರ ಕೈಗೆಟುಕುವ ಏರ್ ಫಿಲ್ಟರ್ ವ್ಯವಸ್ಥೆ ಮಾಡಿಕೊಟ್ಟವರು ಅವರು. ಇದು ಹೊಗಳಿಕೆಯಲ್ಲ, ಹೊಗಳುವುದು ನನಗೆ ಬರುವುದಿಲ್ಲ. ನಾನು ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿದವನು. ಮೇಷ್ಟ್ರ ಈ ಅಭಿನಂದನ ಗ್ರಂಥದ ಸಂಪಾದಕರು ಮೂರು ಸಲ ಫೋನ್ ಮಾಡಿದ ಮೇಲೆ ಬರೆಯಲು ಕೂತಿದ್ದೇನೆ; ಈ ಒಂದು ಪ್ಯಾರಾ ಮುಗಿಯುವಷ್ಟರಲ್ಲಿ ಎರಡು ಸಲ ಎದ್ದು ಅಂಗಳ ಸುತ್ತಿ ಬಂದಿದ್ದೇನೆ.

ನಾನು ಕೆಲಸಕ್ಕೆ ಸೇರಿದ್ದು ಇಪ್ಪತ್ತಮೂರು ವರ್ಷದ ಹಿಂದೆ. ಸೇರಿದ ವಾರವೇ ಒಬ್ಬ ಗಿರಾಕಿಯ ಜೊತೆ ಜಗಳವಾಡಿ ಸ್ಪ್ಯಾನರ್ ನೆಲಕ್ಕೆ ಬಡಿದೆ. ಮೇಷ್ಟ್ರು ಅದನ್ನೆತ್ತಿ ಒರೆಸಿ ನನ್ನ ಕೈಗೇ ಕೊಟ್ಟರು. "ಸ್ಪ್ಯಾನರ್ ಏನಯ್ಯಾ ಮಾಡ್ತು ನಿಂಗೆ? ಸಿಡುಕಪ್ಪ!" ಎಂದರು. ಅಂದಿನಿಂದ ನನ್ನ ಹೆಸರು ಅದೇ. ಮರುವರ್ಷ ನನ್ನ ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ಹನ್ನೊಂದು ದಿನ ನನ್ನ ಪಾಲಿನ ಕೆಲಸವನ್ನೂ ಅವರೇ ಮುಗಿಸಿ ಕೆಲಸದ ಚೀಟಿಯಲ್ಲಿ ನನ್ನ ಹೆಸರು ಬರೆದರು. ನಾನು ಥ್ಯಾಂಕ್ಸ್ ಹೇಳಲು ಹೋದರೆ, "ಮೊದಲು ಮನೆಗೆ ಹೋಗಿ ನಿದ್ದೆ ಮಾಡು, ಕಣ್ಣು ಗೂಡಾಗಿದೆ" ಎಂದು ಅಟ್ಟಿದರು.

ಅವರ ವಿದ್ಯೆ ದೊಡ್ಡದು, ಮಾತು ಚಿಕ್ಕದು. ಟರ್ಬೊ ಎಂದರೆ ಎಂಜಿನ್ನಿನ ಹೊಗೆಯ ರಭಸಕ್ಕೇ ತಿರುಗಿ, ಹೊರಗಿನ ಗಾಳಿಯನ್ನು ಎಳೆದು ಎಂಜಿನ್ನಿನೊಳಕ್ಕೆ ತುರುಕುವ ಚಕ್ರ. ಎಳೆಯುವ ಗಾಳಿ ತಣ್ಣಗಿರಬೇಕು, ಚೊಕ್ಕಟವಾಗಿರಬೇಕು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ, ಐಸ್‌ಕ್ರೀಮ್ ಕೋನಿನ ಆಕಾರದ ತೆರೆದ ಫಿಲ್ಟರನ್ನು ಬಾನೆಟ್ ಒಳಗೆ ಸಿಕ್ಕಿಸಿ ಕಾರು ಚುರುಕಾಯಿತು ಎಂದು ಬೀಗುವವರನ್ನು ಕಂಡರೆ ಅವರು ನಗುತ್ತಿದ್ದರು. "ಒಲೆ ಪಕ್ಕ ಮೂಗಿಟ್ಟುಕೊಂಡು ಓಡು ಅಂದ್ರೆ ಓಡ್ತೀಯೇನೋ?" ಎನ್ನುತ್ತಿದ್ದರು. ಲಾರಿಯ ದುಂಡು ಕಾಗದದ ಫಿಲ್ಟರ್, ಗುಜರಿಯ ತಗಡಿನಿಂದ ಬಡಿದ ಪೆಟ್ಟಿಗೆ, ಹೆಡ್‌ಲೈಟಿನ ಹಿಂದಿನಿಂದ ತಣ್ಣನೆಯ ಗಾಳಿ ತರುವ ಒಂದು ರಬ್ಬರ್ ಕೊಳವೆ, ಅವರ ಮಾರ್ಪಾಡು ಇಷ್ಟೇ. ಈಗ ಎಷ್ಟೋ ಕಡೆ ಮಾಡುತ್ತಾರೆ, ತಾವೇ ಕಂಡುಹಿಡಿದೆವು ಎನ್ನುತ್ತಾರೆ. ಹೇಳಿಕೊಳ್ಳಲಿ ಬಿಡಿ.

ಆದರೆ ಅವರ ಬಟ್ಟೆಯ ನಿಯಮವನ್ನು ಯಾರೂ ಕದಿಯಲಿಲ್ಲ, ಯಾಕೆಂದರೆ ಅದಕ್ಕೆ ಪ್ರಾಮಾಣಿಕತೆ ಬೇಕು. ಫಿಲ್ಟರ್ ಬದಲಿಸಿದ ಪ್ರತಿ ಕಾರನ್ನೂ ಹತ್ತು ಕಿಲೋಮೀಟರ್ ಓಡಿಸಬೇಕು. ವಾಪಸು ಬಂದು ಫಿಲ್ಟರಿನ ಹಿಂದಿನ ಕೊಳವೆಯ ಒಳಗನ್ನು ಬಿಳಿ ಬಟ್ಟೆಯಿಂದ ಒರೆಸಬೇಕು. ಬಟ್ಟೆಯ ಮೇಲೆ ಕಾರಿನ ನಂಬರು ಮತ್ತು ಒರೆಸಿದವನ ಗುರುತು ಬರೆದು ಗೋಡೆಯ ತಂತಿಗೆ ತೂಗುಹಾಕಬೇಕು. ಬಟ್ಟೆಗೆ ಮಣ್ಣು ಹತ್ತಿದರೆ ಫಿಲ್ಟರ್ ಸುಳ್ಳು ಹೇಳುತ್ತಿದೆ ಎಂದರ್ಥ, ಎಲ್ಲ ಬಿಚ್ಚಿ ಮತ್ತೆ ಮೊದಲಿನಿಂದ.

ಹತ್ತೊಂಬತ್ತು ವರ್ಷದ ಹಿಂದೆ ಸಿಸ್ಟರಮ್ಮ ಎಂದು ನಾವೆಲ್ಲ ಕರೆಯುವ ನಿವೃತ್ತ ನರ್ಸೊಬ್ಬರು ತೀರಿಹೋದ ತಮ್ಮನ ಕೆಂಪು ಸ್ಪೋರ್ಟ್ಸ್ ಕಾರು ತಂದರು. ಎರಡು ಬಾಗಿಲಿನ ಹಳೆಯ ಟರ್ಬೊ. ಮಾರಲು ಮನಸ್ಸಿಲ್ಲ, ತಾನೇ ಓಡಿಸುತ್ತೇನೆ ಎಂದರು. ಅವರ ಮನೆಗೆ ಹೋಗುವ ದಾರಿ ಕಲ್ಲುಕ್ವಾರಿಯ ಪಕ್ಕದ್ದು, ಬರೀ ದೂಳು. ಕೆಲಸ ನನ್ನ ಪಾಲಿಗೆ ಬಂತು. ತಗಡಿನ ಪೆಟ್ಟಿಗೆಯನ್ನು ಮೇಷ್ಟ್ರು ಎರಡು ಸಲ ತಿರಸ್ಕರಿಸಿದರು. ನನಗೆ ರೇಗಿತು. ಅವರು ಇನ್ನೊಂದು ಕಾರಿನ ಅಡಿಯಲ್ಲಿದ್ದಾಗ ಅಂಗಡಿಯ ತೆರೆದ ಫಿಲ್ಟರನ್ನೇ ತಂದು ಪೆಟ್ಟಿಗೆಯೊಳಗೆ ಸಿಕ್ಕಿಸಿದೆ. ಅದರ ಬಾಯಿ ಕೊಳವೆಗಿಂತ ಎರಡು ನೂಲು, ಎಂದರೆ ಕಾಲಿಂಚು, ದೊಡ್ಡದು. ಟೇಪು ಸುತ್ತಿ ಬಿಗಿದೆ. ಹತ್ತು ಕಿಲೋಮೀಟರ್ ಓಡಿಸಿ ಒರೆಸಿದರೆ ಬಟ್ಟೆಯ ಮೇಲೆ ಕಂದು ಗೀರು. ಬಟ್ಟೆ ಎಸೆದೆ. ಕೊಳವೆಯನ್ನು ಪೆಟ್ರೋಲಿನಲ್ಲಿ ತೊಳೆದು ಒಣಗಿಸಿ, ಹೊಸ ಬಟ್ಟೆಯಿಂದ ಒರೆಸಿ, ಗುರುತು ಬರೆದು ತೂಗುಹಾಕಿದೆ. ಮೇಷ್ಟ್ರು ಕಾರಿನ ಅಡಿಯಿಂದಲೇ ಕತ್ತು ಹೊರಳಿಸಿ ನೋಡಿ "ಹೂಂ" ಎಂದರು.

ನಾಲ್ಕು ತಿಂಗಳಿಗೆ ಕಾರು ಕಿರುಚುತ್ತಾ ವಾಪಸು ಬಂತು. ಟರ್ಬೊ ಬಿಚ್ಚಿದರೆ ಚಕ್ರದ ಅಲಗುಗಳ ಅಂಚನ್ನು ದೂಳು ಇಲಿ ಕಡಿದಂತೆ ತಿಂದುಹಾಕಿತ್ತು. ಕೆಲಸ ಮಾಡಿದವನು ನಾನೆಂದು ತಿಳಿಯದ ಸಿಸ್ಟರಮ್ಮ ಕೆಂಡವಾದರು.

"ಯಾರ್ರೀ ನೋಡಿದ್ದು ಇದನ್ನ?"

ಒಪ್ಪಿಕೊಂಡರೆ ನನ್ನ ಕೆಲಸ ಹೋಗುತ್ತಿತ್ತು. ಮದುವೆಯಾಗಿ ಐದು ವರ್ಷ, ಮನೆಯಲ್ಲಿ ಕೈಗೂಸು. ವರ್ಕ್‌ಶಾಪಿನ ಮಾಲೀಕರು ಪಕ್ಕದಲ್ಲೇ ನಿಂತಿದ್ದರು.

"ಬಟ್ಟೆ ನೋಡಿ ಹೂಂ ಅಂದೋನು ನಾನೇ ಸಿಸ್ಟರಮ್ಮ. ತಪ್ಪು ನಂದು" ಎಂದರು ಮೇಷ್ಟ್ರು.

"ತಲೆ ನೆರೆತ ಮೇಲೂ ಕಣ್ಣು ನೆಟ್ಟಗಿಲ್ಲ ಅಂದ್ರೆ ಯಾಕ್ರೀ ಈ ಕೆಲಸ? ಇನ್ಮೇಲೆ ನೀವು ಈ ಗಾಡಿ ಮುಟ್ಟಬೇಡಿ. ಈ ಸಿಡುಕಪ್ಪನೇ ಮಾಡಲಿ, ಇವನಿಗಾದ್ರೂ ಶ್ರದ್ಧೆ ಇದೆ."

ಎಲ್ಲರೂ ಹೋದ ಮೇಲೆ ಮೇಷ್ಟ್ರು ಆ ಬಟ್ಟೆಯನ್ನು ಬೆಳಕಿಗೆ ಹಿಡಿದರು. ಎಂಜಿನ್ನಿನ ಎಣ್ಣೆಯ ಆವಿ ಸಣ್ಣ ನಳಿಗೆಯಲ್ಲಿ ಬಂದು ಅದೇ ಕೊಳವೆಯನ್ನು ಸೇರುತ್ತದೆ. ಹಾಗಾಗಿ ಎಷ್ಟು ಚೆನ್ನಾಗಿ ಕೆಲಸ ಮಾಡಿದರೂ ಬಟ್ಟೆಗೆ ತೆಳು ಹಳದಿ ಹತ್ತಲೇಬೇಕು. ನನ್ನದರಲ್ಲಿ ಅದೂ ಇರಲಿಲ್ಲ. "ಓಡಿದ ಗಾಡಿ ಇಷ್ಟು ಬಿಳೀ ಇರಲ್ಲ ಕಣಯ್ಯಾ" ಎಂದಷ್ಟೇ ಹೇಳಿ ಅದನ್ನು ಮತ್ತೆ ತಂತಿಗೇ ಹಾಕಿದರು. ಮೂರು ಭಾನುವಾರ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಳೆಯ ಟರ್ಬೊ ಒಂದನ್ನು ಸರಿಪಡಿಸಿ ಆ ಕಾರಿಗೆ ಕೂರಿಸಿದರು, ಪೆಟ್ಟಿಗೆಯನ್ನು ತಾವೇ ಬಡಿದರು. ಬೈಯಲಿಲ್ಲ. ಬೈದಿದ್ದರೆ ನಾನು ತಿರುಗಿ ಬೈದು ಹಗುರಾಗುತ್ತಿದ್ದೆ.

ಹತ್ತೊಂಬತ್ತು ವರ್ಷ ಆ ಬಟ್ಟೆ ಅಲ್ಲೇ ತೂಗಿತು. ಹೊಸಬರು ಬಂದು "ಅಣ್ಣಾ, ನಿಮ್ಮದೇ ಎಲ್ಲಕ್ಕಿಂತ ಬಿಳೀ" ಎಂದಾಗಲೆಲ್ಲ ಅವರ ಮೇಲೆ ರೇಗುತ್ತಿದ್ದೆ. ವರ್ಷಕ್ಕೆರಡು ಸಲ ಸಿಸ್ಟರಮ್ಮ ಬರುತ್ತಿದ್ದರು, ಕೀಲಿಕೈಯನ್ನು ಮೇಷ್ಟ್ರ ಕೈ ದಾಟಿಸಿ ನನಗೆ ಕೊಡುತ್ತಿದ್ದರು. ಮೇಷ್ಟ್ರು ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು. ಕಾರಿನ ಉಸಿರು ಕೇಳಲೆಂದು ಕಿವಿ ಮಾತ್ರ ಇತ್ತ ಕಡೆಗಿರುತ್ತಿತ್ತು. ಆ ಹತ್ತು ನಿಮಿಷ ನಾನು ಒಂದು ಕಡೆ ನಿಂತವನಲ್ಲ.

ಮೊನ್ನೆ ಶನಿವಾರ ಸಿಸ್ಟರಮ್ಮ ಫಿಲ್ಟರ್ ಬದಲಿಸಲು ಬಂದರು. ಮೇಷ್ಟ್ರ ಜಾಗಕ್ಕೆ ನಾನೇ ಫೋರ್‌ಮನ್ ಎಂದು ಮಾಲೀಕರು ಹಿಂದಿನ ದಿನ ಹೇಳಿದ್ದರು. ಸಿಸ್ಟರಮ್ಮ, "ಇನ್ನು ನೀನೇ ದೊಡ್ಡವನಂತೆ, ಒಳ್ಳೇದಾಯ್ತಪ್ಪ" ಎಂದು ಕೀಲಿಕೈ ಚಾಚಿದರು. ನನ್ನ ಕೈ ಮುಂದೆ ಬರಲಿಲ್ಲ. ತಂತಿಯಿಂದ ಆ ಬಟ್ಟೆ ಇಳಿಸಿ ಅವರ ಮುಂದೆ ಹಿಡಿದು ನಡೆದದ್ದನ್ನೆಲ್ಲ ಹೇಳಿದೆ. ಹೇಳುವಾಗಲೂ ಜಗಳವಾಡುವವನ ಹಾಗೇ ಕೂಗುತ್ತಿದ್ದೆನಂತೆ. ಆಮೇಲೆ ನಮ್ಮ ವರ್ಕ್‌ಶಾಪಿನ ಪೇಂಟರ್ ಹೇಳಿದ.

"ನಾಲ್ಕು ಜನರ ಎದುರಿಗೆ ಬೈದಿದ್ದೆನಲ್ಲೋ ಅವರನ್ನ" ಎಂದರು ಸಿಸ್ಟರಮ್ಮ. ಅಷ್ಟೆ. ನನ್ನ ಮುಖ ನೋಡದೆ ದಾಟಿಹೋಗಿ ಮೇಷ್ಟ್ರ ಮುಂದೆ ಕೀಲಿಕೈ ಹಿಡಿದರು. "ಮೇಷ್ಟ್ರೇ, ಉಸಿರು ಸರಿ ಇದೆಯಾ ನೋಡ್ತೀರಾ?"

ಮೇಷ್ಟ್ರು ಕೈಯನ್ನು ಎರಡು ಸಲ ಒರೆಸಿಕೊಂಡು ತೆಗೆದುಕೊಂಡರು. ಫಿಲ್ಟರನ್ನು ಅವರೇ ಹಾಕಿದರು. ಹತ್ತು ಕಿಲೋಮೀಟರಿಗೆ ಹೋದವರು ಒಂದು ಗಂಟೆ ಬರಲಿಲ್ಲ. ನಾನು ಬಾಗಿಲಿಗೂ ಬೀದಿಗೂ ಓಡಾಡಿದೆ. ಬಂದು ಇಳಿದವರು, "ಒರೆಸಯ್ಯಾ, ಈ ಸಲ ನಾನು ಹೂಂ ಅನ್ನಲ್ಲ, ನೀನೇ ನೋಡಿ ಹೇಳು" ಎಂದರು. ಒರೆಸಿದೆ. ತೆಳು ಹಳದಿ, ಮಣ್ಣಿಲ್ಲ. ಹಳೆಯದು ತೂಗುತ್ತಿದ್ದ ಜಾಗಕ್ಕೇ ಅದನ್ನು ಹಾಕಿದೆ. ಹಳೆಯದನ್ನು ಸಿಸ್ಟರಮ್ಮ ಕೇಳಿ ಒಯ್ದರು.

ಅಂದು ನಾಲ್ಕು ಜನ ಕೇಳಿಸಿಕೊಂಡಿದ್ದರು. ಈ ಗ್ರಂಥವನ್ನು ಅದಕ್ಕಿಂತ ಹೆಚ್ಚು ಜನ ಓದುತ್ತಾರೆ ಎಂದು ಸಂಪಾದಕರು ಭರವಸೆ ಕೊಟ್ಟಿದ್ದಾರೆ. ಅದಕ್ಕೇ ಬರೆದೆ. ಮೇಷ್ಟ್ರೇ, ನಿಮ್ಮ ಉಸಿರಿಗೆ ದೂಳು ಸೋಕದಿರಲಿ, ನೂರು ವರ್ಷ ನಿಮ್ಮ ಕಿವಿ ಮಂದವಾಗದಿರಲಿ. ಮನೆಯಲ್ಲಿ ಸುಮ್ಮನೆ ಕೂರಬೇಡಿ. ಸಿಸ್ಟರಮ್ಮನ ಕಾರು ಆರು ತಿಂಗಳಿಗೆ ಮತ್ತೆ ಬರುತ್ತದೆ. ನನ್ನ ಕೈಗೆ ಕೀಲಿಕೈ ಕೊಡುವುದಿಲ್ಲವೆಂದು ಅವರು ಖಡಾಖಂಡಿತವಾಗಿ ಹೇಳಿಹೋಗಿದ್ದಾರೆ.