ಕಾಲು ತೊಳೆಯಲು ಬಂದ ಅಮ್ಮ

ಮೊನ್ನೆ ಅಲ್ ಥುಮಾಮಾದ ಸೂಪರ್ ಮಾರ್ಕೆಟ್ಟಿನಲ್ಲಿ ಸಬ್ಬಸಿಗೆಯ ಕಟ್ಟೊಂದನ್ನು ಎತ್ತಿ ಮೂಸಿದೆ. ತಾಜಾ ಇದೆಯೇ ಎಂದು ನೋಡುವುದಷ್ಟೇ ಉದ್ದೇಶ. ಆದರೆ ಆ ವಾಸನೆಯ ಜೊತೆಗೆ ವಿನೆಗರಿನ ಹುಳಿಯೂ ಎಲ್ಲಿಂದಲೋ ಬಂದು ಸೇರಿಕೊಂಡಿತು. ಗಾಜಿನ ಭರಣಿಗಳಲ್ಲಿ ಎಳೆ ಸೌತೆಕಾಯಿ ತುಂಬುತ್ತಿದ್ದ ಎರಡು ಒರಟು ಕೈಗಳು... ಗಾಡಿ ಹಿಡಿದು ನಿಂತೇಬಿಟ್ಟೆ. ಹಿಂದಿದ್ದವರು ಯಲ್ಲಾ, ಯಲ್ಲಾ ಎಂದು ಅವಸರಿಸಿದಾಗಲೇ ಎಚ್ಚರವಾದದ್ದು.

ಆ ಕೈಗಳನ್ನು ಕಂಡದ್ದು ಕೆಲವು ವರ್ಷಗಳ ಹಿಂದೆ. ಆಗ ನಾವಿದ್ದದ್ದು ಕೊಲ್ಲಿ ನಾಡಿನ ಇದೇ ಊರಿನ ಐನ್ ಖಾಲಿದ್ ಬಡಾವಣೆಯಲ್ಲಿ, ಒಂದೇ ವಿಲ್ಲಾವನ್ನು ಪಾಲು ಮಾಡಿ ಬಾಡಿಗೆಗೆ ಕೊಟ್ಟಿದ್ದ ಮನೆಯಲ್ಲಿ. ಎದುರು ಬಾಗಿಲಿನವಳು ಮಂಗಳೂರಿನ ಕೊಂಕಣಿ ಹುಡುಗಿ, ಕ್ಯಾಥೊಲಿಕ್, ನರ್ಸ್. ಗಂಡ ಕೆನಡಾದವನು. ತಾಯಿ ಇಲ್ಲದ ಹುಡುಗಿಯ ಬಾಣಂತನಕ್ಕೆ ಅತ್ತೆಯೇ ಕೆನಡಾದಿಂದ ಬರುತ್ತಾರೆಂದಾಗ, ಅವರಿಗೆ ಕಷಾಯ ಕಾಯಿಸಲು ಬರುತ್ತದೆಯೇ ಎಂದು ನಾನು ಗೇಲಿ ಮಾಡಿದ್ದೆ.

ಬಂದವರು ಕಾಲು ಮುಚ್ಚುವ ಉದ್ದ ಉಡುಪಿನ, ನೆತ್ತಿಯ ಮೇಲೆ ತೆಳು ಬಿಳಿ ಬಟ್ಟೆಯ ಟೊಪ್ಪಿ ಹಾಕಿದ ಒಕ್ಕಲು ಮನೆಯ ಹೆಂಗಸು. ಕ್ರೈಸ್ತರಲ್ಲೇ ಮೆನೊನೈಟ್ ಎಂಬ ಪಂಗಡವಂತೆ. ಯುದ್ಧಕ್ಕೆ ಹೋಗುವುದಿಲ್ಲ, ಆಣೆ ಇಡುವುದಿಲ್ಲ, ಆಡಂಬರವಿಲ್ಲ. ಮಾತಿಗೊಮ್ಮೆ ದೇವರಾಣೆ ಎನ್ನುವ ನನ್ನನ್ನು ನೋಡಿ ನಗುತ್ತಿದ್ದರು. ನಾನೂ ಅವರನ್ನು ಅಮ್ಮ ಎಂದೇ ಕರೆದೆ. ಹಸುಗಳನ್ನು ಬಿಟ್ಟು ಬರಲಾರದೆ ಗಂಡ ಊರಲ್ಲೇ ಉಳಿದಿದ್ದರು. ಇಲ್ಲಿ ಕರೆಯಲು ಹಸುವಿಲ್ಲದಿದ್ದರೂ ಅಮ್ಮ ಕೋಳಿ ಕೂಗುವ ಹೊತ್ತಿಗೇ ಎದ್ದು, ಬೈಬಲ್ ಓದಿ, ಬ್ರೆಡ್ಡಿನ ಹಿಟ್ಟು ನಾದಲೋ, ಸಬ್ಬಸಿಗೆ ವಿನೆಗರಿನಲ್ಲಿ ಸೌತೆಕಾಯಿ ಹಾಕಲೋ ಕೂರುತ್ತಿದ್ದರು. ಮರುಭೂಮಿಯಲ್ಲಿ ಹಸುಗಳ ಫಾರ್ಮ್ ಇದೆಯೆಂದು ತಿಳಿದಾಗ, ಅಯ್ಯೋ ಪಾಪ, ಅವು ಮೇಯುವುದಾದರೂ ಏನನ್ನು ಎಂದು ನಿಜವಾಗಿಯೂ ಕೊರಗಿದರು.

ನನಗೆ ಅವರು ತುಂಬ ಇಷ್ಟವಾದರು. ಮೊಮ್ಮಗಳನ್ನು ಎತ್ತಿಕೊಂಡು ಅವರು ಮೆಲ್ಲನೆ ಹಾಡಿದರೆ, ಆಫೀಸಿನಿಂದ ದಣಿದು ಬಂದ ನನಗೂ ನಿದ್ದೆ ಬರುತ್ತಿತ್ತು.

ಆ ಮಗುವಿನ ವಿಷಯಕ್ಕೇ ಅವರ ಮನೆಯಲ್ಲಿ ಮಾತು ನಿಂತಿತು. ಕ್ಯಾಥೊಲಿಕರಲ್ಲಿ ಕೂಸಿದ್ದಾಗಲೇ ತಲೆಗೆ ನೀರೆರೆದು ಜ್ಞಾನಸ್ನಾನ ಮಾಡಿಸುತ್ತಾರೆ. ಸೊಸೆ ದಿನ ಗೊತ್ತುಮಾಡಿದ್ದಳು. ಅಮ್ಮನ ಪಂಗಡದಲ್ಲಿ ಅದು ಕೂಡದು. ಬುದ್ಧಿ ಬಲಿತ ಮೇಲೆ ತಾನಾಗಿ ಕೇಳಿದವರಿಗೆ ಮಾತ್ರ. ಕೇಳಲು ಬಾಯಿಯೇ ಬಾರದ ಕೂಸಿನ ಹೆಸರಲ್ಲಿ ದೇವರಿಗೆ ಮಾತು ಕೊಡಲು ನಾವು ಯಾರು ಎಂದರು ಅಮ್ಮ. ನನ್ನ ಮಗುವಿಗೆ ನಾನಲ್ಲದೆ ಮತ್ಯಾರು ಎಂದಳು ಸೊಸೆ. ಮಗ ಮಹಾಶಯ ಅಡಕತ್ತರಿಯಲ್ಲಿ ಸಿಕ್ಕಿದ ಅಡಿಕೆ. ಒಂದೇ ಅಡುಗೆಮನೆಯಲ್ಲಿ ಇಬ್ಬರು ಹೆಂಗಸರು ಮಗುವಿನೊಡನೆ ಮಾತ್ರ ಮಾತಾಡುತ್ತಿದ್ದರು.

ಈಸ್ಟರಿಗೆ ಮುಂಚಿನ ಒಂದು ಸಂಜೆ ಅಮ್ಮ ಬೇಸಿನ್ನು, ಟವೆಲು ಹಿಡಿದು ನಮ್ಮ ಮನೆಗೆ ಬಂದರು. ಅವರಲ್ಲಿ ಹೆಂಗಸರು ಹೆಂಗಸರ ಕಾಲು ತೊಳೆಯುವ ಪದ್ಧತಿಯಿದೆ, ನನ್ನೊಡನೆ ಮಾಡಬಹುದೇ ಎಂದು ಕೇಳಿದರು. ಇದು ನಮಗೆ ಗೊತ್ತಿಲ್ಲದ್ದೇ? ಹಿರಿಯ ಮುತ್ತೈದೆ ಮನೆಗೆ ಬಂದಿದ್ದಾರೆ. ಕುರ್ಚಿಯಲ್ಲಿ ಕೂರಿಸಿ, ಬೆಚ್ಚನೆಯ ನೀರಲ್ಲಿ ಕಾಲು ತೊಳೆದು, ಒರೆಸಿ, ಅರಶಿನವನ್ನೂ ಹಚ್ಚಿಬಿಟ್ಟೆ. ಹಳದಿಯಾದ ತಮ್ಮ ಪಾದಗಳನ್ನು ನೋಡಿ ಅಮ್ಮ ನಕ್ಕರು. ಆಮೇಲೆ ಎದ್ದು, ಕುರ್ಚಿ ನನಗೆ ಬಿಟ್ಟು, ತಾವು ನೆಲಕ್ಕೆ ಮೊಣಕಾಲೂರಿದರು.

ನಾನು ಹಾರಿ ಹಿಂದೆ ಸರಿದೆ. ತಾಯಿಯ ವಯಸ್ಸಿನವರು ನಮ್ಮ ಕಾಲು ಮುಟ್ಟುವುದೇ? ನಮ್ಮಲ್ಲಿ ಅದು ಪಾಪ, ಆಯುಸ್ಸಿಗೆ ಕೇಡು ಎಂದೆ. ಅಮ್ಮನ ಮುಖ ಬಾಡಿತು. ಇಬ್ಬರೂ ತೊಳೆಯದಿದ್ದರೆ ಅದು ನೆರವೇರಿದಂತಲ್ಲವಂತೆ. ಮನಸ್ತಾಪ ಇಟ್ಟುಕೊಂಡೂ ತೊಳೆಯಬಾರದಂತೆ.

"ಮನೆಯಲ್ಲಿ ಕೇಳುವ ಹಾಗಿಲ್ಲ ಮಗಳೇ, ಅದಕ್ಕೇ ನಿನ್ನ ಹತ್ತಿರ ಬಂದೆ" ಎಂದರು ಅವರ ಇಂಗ್ಲಿಷಿನಲ್ಲಿ.

ಹಾಗನ್ನುವಾಗ ಸೊಸೆ ಬಾಗಿಲಲ್ಲೇ ನಿಂತಿದ್ದಳು. ಅತ್ತೆಯನ್ನು ಹುಡುಕಿಕೊಂಡು ಬಂದವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಅಕ್ಕ, ಮಗುವನ್ನು ಒಮ್ಮೆ ಹಿಡ್ಕೊಳ್ಳಿ" ಎಂದಳು. ನನ್ನ ಕೈಗೆ ಕೂಸನ್ನು ಕೊಟ್ಟು, ಆ ಕುರ್ಚಿಯಲ್ಲಿ ಕೂತು, ಕಾಲುಚೀಲ ಬಿಚ್ಚಿದಳು.

ಅಮ್ಮ ತೊಳೆದರು. ಆಮೇಲೆ ಇವಳೂ ತೊಳೆದಳು. ಎದ್ದು ತಬ್ಬಿಕೊಂಡಾಗ ಯಾರ ಕಣ್ಣಲ್ಲಿ ನೀರಿತ್ತೋ ಯಾರದರಲ್ಲಿ ಇರಲಿಲ್ಲವೋ... ನನ್ನದರಲ್ಲಂತೂ ಇತ್ತು.

ಅಮ್ಮ ತಮ್ಮ ಪಟ್ಟು ಬಿಟ್ಟರು ಎಂದು ಬರೆದರೆ ಸುಳ್ಳಾಗುತ್ತದೆ. ತನಗೆ ಇದು ಈಗಲೂ ಒಪ್ಪಿಗೆಯಿಲ್ಲ, ಆದರೆ ಮೊಮ್ಮಗಳನ್ನು ಬಿಟ್ಟು ಮನೆಯಲ್ಲಿ ಕೂರಲಾರೆ ಎಂದರು. ಚರ್ಚಿನ ಕೊನೆಯ ಸಾಲಿನಲ್ಲಿ ಕೂತರು. ಆದರೆ ನೀರೆರೆದ ಮೇಲೆ ಎದ್ದು ಬಂದು ಮಗುವಿನ ತಲೆ ಒರೆಸಿದವರು ಅವರೇ. ಬಿತ್ತನೆಗೆ ಮೊದಲೇ ಊರಿಗೆ ಹೊರಟರು. ಮತ್ತೆ ಬರಲಿಲ್ಲ.

ಈಗ ಸೊಸೆಯ ಮನೆ ಲುಸೈಲ್‌ನಲ್ಲಿ. ಅಮ್ಮ ತೀರಿಕೊಂಡ ಸುದ್ದಿ ಈ ವರ್ಷ ಈಸ್ಟರಿಗೆ ಇನ್ನೇನು ವಾರವಿದೆ ಎನ್ನುವಾಗ ಬಂತು. ಆಗ ನಾನು ಊರಲ್ಲಿದ್ದೆ, ಅವಳೊಡನೆ ಫೋನಿನಲ್ಲಷ್ಟೇ ಮಾತಾಡಿದ್ದೆ. ಮೊನ್ನೆ ಅಂಗಡಿಯಿಂದ ನೇರವಾಗಿ ಅವಳಲ್ಲಿಗೇ ಹೋದೆ. ಎರಡನೆಯ ಮಗು, ಗಂಡು, ತೊಟ್ಟಿಲಲ್ಲಿ ಮಲಗಿತ್ತು. ಇವನ ಜ್ಞಾನಸ್ನಾನದ ಊಟ ಯಾವಾಗ ಹಾಕಿಸುತ್ತೀ ಎಂದು ಕೇಳಿದೆ.

"ಈಗ ಮಾಡುದಿಲ್ಲ ಅಕ್ಕ. ದೊಡ್ಡವನಾಗಿ ಅವನೇ ಕೇಳ್ಲಿ" ಎಂದಳು. ತೊಟ್ಟಿಲ ಹೊದಿಕೆ ಸರಿಮಾಡುತ್ತ, "ಅಮ್ಮನಿಗೆ ಈಸ್ಟರ್ ದಿನ ಫೋನ್ ಮಾಡಿ ಹೇಳುವ ಅಂತ ಇಟ್ಟುಕೊಂಡಿದ್ದೆ."