ಅಳಿಯ ಇಳಿದುಹೋದ ವಿಮಾನ

ನಾನು ವಿಮಾನ ಓಡಿಸುವವನು. ಮಾತನ್ನು ಇಷ್ಟಕ್ಕೇ ನಿಲ್ಲಿಸಿದರೆ ನನ್ನ ಮರ್ಯಾದೆ ಉಳಿಯುತ್ತದೆ. ಎಂಥ ವಿಮಾನ, ಎಲ್ಲಿಗೆ ಹೋಗುತ್ತದೆ, ಸಂಬಳ ಎಷ್ಟು ಎಂದು ಯಾರಾದರೂ ಮುಂದುವರಿಸಿದರೆ ಕಷ್ಟ. ನನ್ನದು ರೆಕ್ಕೆಗೆ ಫ್ಯಾನು ಕಟ್ಟಿಕೊಂಡ ಸಣ್ಣ ವಿಮಾನ. ಬೆಂಗಳೂರಿನಿಂದ ಶಿವಮೊಗ್ಗ, ಬೆಂಗಳೂರಿನಿಂದ ಹುಬ್ಬಳ್ಳಿ ಎಂದು ಓಡಾಡಿಕೊಂಡಿರುತ್ತದೆ. ದೊಡ್ಡ ವಿಮಾನದವರು ಒಮ್ಮೆ ಏರಿ, ಸಮುದ್ರ ದಾಟಿ, ಇಳಿದು ಹೋಟೆಲ್ ಸೇರುವಷ್ಟರಲ್ಲಿ ನಾನು ಹತ್ತಾರು ಸಲ ಜನರನ್ನು ಹತ್ತಿಸಿ ಇಳಿಸಿರುತ್ತೇನೆ. ಗಂಡಸಿ ಹ್ಯಾಂಡ್‌ಪೋಸ್ಟಿನಲ್ಲಿ ಟೆಂಪೊ ಓಡಿಸುವವನ ಕೆಲಸಕ್ಕೂ ನನ್ನ ಕೆಲಸಕ್ಕೂ ಅಂಥ ವ್ಯತ್ಯಾಸವೇನಿಲ್ಲ. ಅವನಿಗೆ ಟೋಪಿ ಇಲ್ಲ, ಅಷ್ಟೆ.

ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ನಮ್ಮಪ್ಪನಿಗೆ ನನ್ನ ಸಂಬಳ ಅರ್ಥ ಮಾಡಿಸಲು ಒಂದು ಭಾನುವಾರ ಪೂರ್ತಿ ಹಿಡಿಯಿತು. ತಿಂಗಳಿಗೆ ಖಾಯಂ ಎಂದು ಒಂದಿಷ್ಟು ಬರುತ್ತದೆ, ಮಿಕ್ಕಿದ್ದು ಹಾರಿದ ಗಂಟೆಯ ಮೇಲೆ. ನಿಂತ ಜಾಗದಿಂದ ವಿಮಾನ ಕದಲಿದರೆ ಮಾತ್ರ ಗಂಟೆಯ ಲೆಕ್ಕ ಶುರು. ಮಳೆ ಎಂದೋ ಮಂಜು ಎಂದೋ ಕಾದು ಕೂತ ಹೊತ್ತಿಗೆ ಬಿಡಿಗಾಸಿಲ್ಲ. ಹಾಗಂತ ಕಾದ ಹೊತ್ತು ಬಿಟ್ಟಿ ಹೋಗುವುದೂ ಇಲ್ಲ; ದಿನಕ್ಕೆ ಇಷ್ಟೇ ಹೊತ್ತು ಡ್ಯೂಟಿ ಮಾಡಬೇಕು ಎಂಬ ಮಿತಿಯಿದೆಯಲ್ಲ, ಅದನ್ನು ಕಾಯುವುದೂ ತಿನ್ನುತ್ತದೆ. ಎಲ್ಲ ಕೇಳಿಸಿಕೊಂಡ ಅಪ್ಪ, "ಹಮಾಲಿ ಲೆಕ್ಕ ಕಣೋ ಇದು. ಮೂಟೆ ಎತ್ತಿದ್ರೆ ಕೂಲಿ, ಲಾರಿ ಕಾಯ್ತಾ ಕೂತ್ರೆ ಇಲ್ಲ," ಎಂದರು. ಅಷ್ಟು ದುಡ್ಡು ಸುರಿದು ಕಲಿತ ವಿದ್ಯೆಯನ್ನು ಅಪ್ಪ ಮಂಡಿಯ ಬಾಗಿಲಲ್ಲಿ ಕೂರಿಸಿಬಿಟ್ಟರು.

ಮಾವನಿಗೆ ಈ ಲೆಕ್ಕ ಹೇಳುವ ಗೋಜಿಗೆ ನಾನು ಹೋಗಲಿಲ್ಲ. ಹೆಂಡತಿಯ ತವರು ಹಳೇಬೀಡಿನ ಹತ್ತಿರ, ಹುಲಿಕೆರೆ ಕಡೆ. ಮಾವ ಗದ್ದೆ, ತೆಂಗಿನ ತೋಟ, ರಾಗಿ ಹೊಲ ಎಲ್ಲ ಇರುವವರು, ಬೆಳಕು ಹರಿಯುವ ಮುಂಚೆ ಎದ್ದು ತೋಟ ಸುತ್ತುವವರು. ಮಗಳನ್ನು ಪೈಲಟ್‌ಗೆ ಕೊಟ್ಟಿದ್ದೇನೆ ಎಂದು ಬೇಲೂರಿನವರೆಗೂ ಹೇಳಿಕೊಂಡು ಬಂದಿದ್ದರು. ಆ ಪೈಲಟ್ ಮನೆಗೆ ಬಂದರೆ ಮಾಡುತ್ತಿದ್ದ ಒಂದೇ ಕೆಲಸ ನಿದ್ದೆ. ಎರಡು ಡ್ಯೂಟಿಯ ನಡುವೆ ಇಷ್ಟು ವಿಶ್ರಾಂತಿ ಕೊಡಲೇಬೇಕು ಎಂಬ ನಿಯಮವನ್ನು ನಾನು ಅವರ ನಡುಕೋಣೆಯಲ್ಲಿ ಕಂಬಳಿ ಹೊದ್ದು ಪಾಲಿಸುತ್ತಿದ್ದೆ. ಮಟಮಟ ಮಧ್ಯಾಹ್ನ ಮಲಗಿದ ಅಳಿಯನಿಗೆ ಮಾವ ಏನೂ ಅನ್ನುತ್ತಿರಲಿಲ್ಲ. ಬಾಗಿಲ ಬಳಿ ನಿಂತು ಕೆಮ್ಮುತ್ತಿದ್ದರು. ನಾನು ತಟ್ಟನೆ ಎದ್ದು ಕೂತು, ಆಗಿನಿಂದ ಎಚ್ಚರವೇ ಇದ್ದವನ ಹಾಗೆ ಫೋನು ನೋಡುತ್ತಿದ್ದೆ. ಯಾರಿಗೂ ಆಗುವುದಿಲ್ಲ ಅನ್ನಲು ಬಾರದವನು ನಾನು. ಇನ್ನೊಂದು ಹೋಳಿಗೆ ಬೇಡ ಎನ್ನಲಾಗದೆ ಹೊಟ್ಟೆ ಕೆಡಿಸಿಕೊಂಡ ಮೇಲೆ, ನಿಮ್ಮನ್ನು ಕ್ಯಾಪ್ಟನ್ ಮಾಡಿದವರು ಯಾರು ಎಂದು ಹೆಂಡತಿ ನಿಜವಾಗಿಯೂ ಕೇಳಿದ್ದಳು.

ಇಂಥ ನನ್ನ ವಿಮಾನವನ್ನು ಮಾವ ಹತ್ತಿದರು. ಬೆಂಗಳೂರಿನಲ್ಲಿ ನೆಂಟರ ಮದುವೆ ಮುಗಿಸಿಕೊಂಡು, ಜೊತೆಗೆ ಬೇಲೂರಿನ ತಮ್ಮ ಷಡ್ಡಕರನ್ನೂ ಹತ್ತಿಸಿಕೊಂಡು. ಈ ಷಡ್ಡಕರ ಅಳಿಯ ಸರ್ಕಾರಿ ಎಂಜಿನಿಯರ್. ಆತ ತನ್ನ ಮಾವನನ್ನು ಹೊಸ ಕಾರಿನಲ್ಲಿ ಮೈಸೂರು ಸುತ್ತಿಸಿದ ಕಥೆ ಕೇಳಿ ಕೇಳಿ ನಮ್ಮ ಮಾವನ ಕಿವಿ ತೂತು ಬಿದ್ದಿತ್ತು. ಅದಕ್ಕೆ ಉತ್ತರ ನಾನು. ಶಿವಮೊಗ್ಗಕ್ಕೆ ಹಾರುವುದು, ಅಲ್ಲಿಂದ ಬಸ್ಸು ಹಿಡಿದು ಊರಿಗೆ ಬರುವುದು. ಬೆಂಗಳೂರಿನಲ್ಲೇ ನೆಟ್ಟಗೆ ಬಸ್ಸು ಹತ್ತಿದ್ದರೆ ಇದಕ್ಕಿಂತ ಬೇಗ ಮನೆ ಸೇರಬಹುದಿತ್ತು, ಆದರೆ ಆ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ.

ಅವತ್ತು ನನ್ನ ಡ್ಯೂಟಿ ಬೆಳಕಾಗುವ ಮೊದಲೇ ಶುರುವಾಗಿತ್ತು. ಬೆಳಗ್ಗೆ ಮಂಜು, ಮಧ್ಯಾಹ್ನ ಮೋಡ. ಹಾರಿದ್ದಕ್ಕಿಂತ ಕಾದದ್ದೇ ಜಾಸ್ತಿ. ಮಾವ ಹತ್ತಿದ್ದು ನನ್ನ ಆ ದಿನದ ಕೊನೆಯ ಹಾರಾಟಕ್ಕೆ. ಎರಡನೇ ಸಾಲಿನಲ್ಲಿ ಕೂತು, ಓಡಿಸುವವರು ನಮ್ಮ ಅಳಿಯಂದಿರು ಎಂದು ಹಿಂದೆ ಮುಂದೆ ಎಲ್ಲರಿಗೂ ತಿಳಿಸಿದ್ದಾರೆಂದು ಗಗನಸಖಿ ಬಂದು ಹೇಳಿದಳು. ನಾನು ಉಬ್ಬಿಹೋದೆ. ಅಷ್ಟರಲ್ಲಿ ಮಳೆ ಹಿಡಿಯಿತು. ಬಾಗಿಲು ಹಾಕಿಕೊಂಡು ಕೂತೆವು. ಕೂತಲ್ಲೇ ನನ್ನ ಡ್ಯೂಟಿಯ ಮಿತಿ ಮುಗಿಯುತ್ತ ಬಂತು.

ಆಫೀಸಿನಿಂದ ಫೋನು. ಇಂಥ ಹೊತ್ತಿನಲ್ಲಿ ಕ್ಯಾಪ್ಟನ್ ಮನಸ್ಸು ಮಾಡಿದರೆ ಮಿತಿಯನ್ನು ಕೊಂಚ ಮುಂದಕ್ಕೆ ಎಳೆಯಲು ನಿಯಮದಲ್ಲೇ ಅವಕಾಶವಿದೆ. ಯಾರೂ ಬಲವಂತ ಮಾಡುವಂತಿಲ್ಲ. ಮಾಡುವುದೂ ಇಲ್ಲ, ಬಹಳ ಮೃದುವಾಗಿ ಕೇಳುತ್ತಾರೆ. ಹಾಗೆ ಕೇಳಿದಾಗಲೆಲ್ಲ ನಾನು ಒಪ್ಪಿಕೊಂಡವನೇ. ಅವತ್ತೂ ನಾಲಿಗೆ ತುದಿಯಲ್ಲಿ ಹೂಂ ಇತ್ತು. ಯೋಚಿಸಿ ಹೇಳುತ್ತೇನೆ ಎಂದು ಫೋನಿಟ್ಟೆ. ಪಕ್ಕದಲ್ಲಿದ್ದ ಸಹಪೈಲಟ್ ಹುಡುಗಿ ಶಿವಮೊಗ್ಗದ ಹವೆ ಓದಿ ಹೇಳಿದಳು. ಸರಿ ಎಂದೆ. ಸ್ವಲ್ಪ ಹೊತ್ತಿನಲ್ಲಿ, ಶಿವಮೊಗ್ಗದ ಹವೆ ಹೇಗಿದೆ ಎಂದು ಕೇಳಿದೆ. ಅವಳು ಮತ್ತೆ ಓದಿದಳು. ಇನ್ನೂ ಸ್ವಲ್ಪ ಹೊತ್ತಿಗೆ ಅದನ್ನೇ ಕೇಳಿದಾಗ ಅವಳು ಓದಲಿಲ್ಲ, ನನ್ನ ಮುಖವನ್ನೇ ನೋಡಿದಳು. ಎರಡು ಸಲ ಕೇಳಿಸಿಕೊಂಡದ್ದು ತಲೆಯಲ್ಲಿ ನಿಂತಿರಲಿಲ್ಲ ಎಂದು ಆಗ ನನಗೆ ಹೆದರಿಕೆಯಾಯಿತು. ಆಫೀಸಿಗೆ ಫೋನು ಮಾಡಿ ಆಗುವುದಿಲ್ಲ ಎಂದೆ. ಬೇರೆ ಪೈಲಟ್‌ಗಳನ್ನು ಕಳಿಸುತ್ತೇವೆ, ನೀವಿಬ್ಬರೂ ಇಳಿಯಿರಿ ಎಂದರು.

ದೊಡ್ಡ ವಿಮಾನವಾದರೆ ಪೈಲಟ್ ಮುಂಬಾಗಿಲಿನಿಂದ ಸದ್ದಿಲ್ಲದೆ ಮಾಯವಾಗಬಹುದು. ನನ್ನ ವಿಮಾನಕ್ಕೆ ಜನ ಹತ್ತಿ ಇಳಿಯುವ ಬಾಗಿಲಿರುವುದು ಹಿಂದೆ. ಟೋಪಿ ಕಂಕುಳಿಗೆ ಸಿಕ್ಕಿಸಿ, ಚೀಲ ಎಳೆದುಕೊಂಡು, ಕೂತ ಅಷ್ಟೂ ಜನರ ನಡುವೆ ನಡೆಯಬೇಕು. ಪೈಲಟ್ ಬದಲಾಗುತ್ತಾರೆ ಎಂದು ಆಗಲೇ ಮೈಕಿನಲ್ಲಿ ಹೇಳಿಯಾಗಿತ್ತು. ಡ್ಯೂಟಿ ಮುಗಿಯಿತಂತೆ, ಮನೆಗೆ ಹೊರಟ ಎಂದು ಯಾರೋ ಗೊಣಗಿದರು. ಷಡ್ಡಕರು ಕಿಟಕಿಯ ಕಡೆ ತಿರುಗಿ ನಗುತ್ತಿದ್ದರು. ಮಾವ ಎದ್ದು ನಿಂತು ನನ್ನ ತೋಳು ಹಿಡಿದರು.

"ಅಳಿಯಂದ್ರೆ, ಗಂಟೆ ದಾರಿನೂ ಇಲ್ವಂತೆ. ನನ್ ಮುಖ ನೋಡಾದ್ರೂ ಹೋಗ್ಬಿಡಿ."

"ಆಗಲ್ಲ ಮಾವ," ಎಂದೆ.

ಅವರು ಕೈ ಬಿಟ್ಟು ಕೂತರು. ನಾನು ಚೀಲ ಎಳೆದುಕೊಂಡು ಹಿಂದಿನ ಬಾಗಿಲಿನಿಂದ ಮಳೆಗೆ ಇಳಿದೆ. ಮಳೆ ನಿಂತ ಮೇಲೆ ಬೇರೆಯವರು ಬಂದು ವಿಮಾನ ಒಯ್ದರು. ಎಲ್ಲರೂ ಸುಖವಾಗಿ ಇಳಿದರು ಎಂಬ ಸುದ್ದಿ ಕೇಳಿ ನನಗೆ ಸಮಾಧಾನಕ್ಕಿಂತ ಅವಮಾನವೇ ಹೆಚ್ಚಾಯಿತು. ನನ್ನ ಅಗತ್ಯವೇ ಇರಲಿಲ್ಲವಲ್ಲ.

ಅರ್ಧಕ್ಕೇ ಇಳಿದುಹೋಗುವ ಅಳಿಯ ಎಂಬ ಹೆಸರು ನನಗಿಂತ ಮೊದಲೇ ಬೇಲೂರು ತಲುಪಿತ್ತು. ರಜೆ ಸಿಕ್ಕಾಗ ಹೆಂಡತಿಯ ಬಲವಂತಕ್ಕೆ ಮಾವನ ಮನೆಗೆ ಹೊರಟೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಡ್ಯೂಟಿಯ ನಿಯಮಗಳನ್ನು ಪರೀಕ್ಷೆಗೆ ಹೊರಟ ಹುಡುಗನಂತೆ ಉರು ಹೊಡೆದೆ. ಮಾವ ಏನೂ ಕೇಳಲಿಲ್ಲ. ಊಟ ಹಾಕಿಸಿದರು. ಅವರು ಕೇಳಲಿ ಎಂದು ಕಾದು ಕಾದು ನಾನು ನಡುಕೋಣೆಯಲ್ಲಿ ಮಲಗಿಬಿಟ್ಟೆ.

ಎಚ್ಚರವಾದಾಗ ಬಿಸಿಲು ಇಳಿದಿತ್ತು. ಯಾವ ಕೆಮ್ಮೂ ನನ್ನನ್ನು ಎಬ್ಬಿಸಿರಲಿಲ್ಲ. ಮಾವ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದರು. ನಾನು ಗಡಬಡಿಸಿ ಎದ್ದು ಫೋನು ಹುಡುಕಿದೆ.

"ಮಲಗಿ," ಎಂದರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು. "ಅವತ್ತು ಷಡ್ಡಕ ಪಕ್ಕದಲ್ಲಿ ಕೂತಿದ್ನಲ್ಲ, ಕೇಳ್ದೆ ಇರಕ್ಕಾಗ್ಲಿಲ್ಲ. ಹೋಗಿ ಅಂತ ಕೇಳ್ದೋನೂ ನಾನೇ, ನೀವು ಹೂಂ ಅನ್ನದೆ ಇರ್ಲಪ್ಪ ಅಂತ ದೇವ್ರಿಗೆ ಕೈ ಮುಗ್ದೋನೂ ನಾನೇ. ನಿಮ್ ಕಣ್ಣು ನೋಡಿದ್ನಲ್ಲ, ನಿದ್ದೆಯಿಲ್ದೆ ಕೆಂಪಗಿದ್ವು."

ಉರು ಹೊಡೆದ ನಿಯಮಗಳು ಯಾವುವೂ ಬೇಕಾಗಲಿಲ್ಲ. ನನಗೆ ಅಳು ಬಂತು. ಹೇಳಿದ ಮಾತು ಕೇಳುವ ಅಳಿಯನಂತೆ ಮತ್ತೆ ಮಲಗಿಬಿಟ್ಟೆ.

ಹೊರಗೆ ಉಳಲು ಬಂದವನು ಟ್ರ್ಯಾಕ್ಟರ್ ಸ್ಟಾರ್ಟ್ ಮಾಡಿದ. ಹಿಂದಿನ ದಿನವಷ್ಟೇ ಮಳೆಯಾಗಿ ರಾಗಿ ಹೊಲ ಹದಕ್ಕೆ ಬಂದಿತ್ತು. ಮಾವ ಎದ್ದು ಹೋಗಿ ಅದನ್ನು ಆಫ್ ಮಾಡಿಸಿ, ಹೊಲ ನಾಳೆ ಉಳುವೆಯಂತೆ ಎಂದು ಅವನನ್ನು ಕಳಿಸಿದ್ದು ಕಂಬಳಿಯೊಳಗೆ ನನಗೆ ಕೇಳಿಸಿತು.